ಮೌಂಟ್ ರೋಡಿನಲ್ಲಿ ಉಳಿದದ್ದು, ಅಳಿದದ್ದು

ನಿಮ್ಮ ರಾಜಧಾನಿ ಯಾವುದೆಂದು ನಮ್ಮ ಶಾಲೆಗಳ ಮಕ್ಕಳನ್ನು ಕೇಳಿದರೆ ತಿರುವನಂತಪುರವೆಂದು ತಟ್ಟನೆ ಹೇಳುತ್ತಾರೆ. ಉತ್ತರ ಸರಿ. ಇದೇ ಪ್ರಶ್ನೆಯನ್ನು ಅವರ ಮುತ್ತಜ್ಜನಿಗೆ ಕೇಳಿದ್ದರೆ ಮದರಾಸು ಎನ್ನುತ್ತಿದ್ದರು. ಅದೂ ಸರಿಯಾದ ಉತ್ತರವೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಅಂದಿನಿಂದ ಮೊದಲ್ಗೊಂಡು 1956ರ ನವೆಂಬರ್ 1ರಂದು ಕೇರಳ ರಾಜ್ಯ ಹುಟ್ಟುವವರೆಗೆ, ಅಂದರೆ 157 ವರ್ಷಗಳ ಕಾಲ, ಕಾಸರಗೋಡಿನವರ ಪಾಲಿಗೆ ಸರಕಾರವಿದ್ದ ಊರು ಮದರಾಸೇ ಆಗಿತ್ತು. ಜಮೀನಿನ ವ್ಯಾಜ್ಯ ಮೇಲಿನ ಕೋರ್ಟಿಗೆ ಹೋಗುವುದೆಂದರೆ ಮದರಾಸಿಗೆ ಹೋಗುವುದು, ಬಿ.ಎ. ಪಾಸಾಗುವುದೆಂದರೆ ಮದರಾಸು ವಿಶ್ವವಿದ್ಯಾನಿಲಯದ ಪದವಿ ಪಡೆಯುವುದು. ಓದು ತಲೆಗೆ ಹತ್ತದ ಹುಡುಗರು ಮನೆಬಿಟ್ಟು ಓಡಿಹೋಗುತ್ತಿದ್ದುದೂ ಬಹುಪಾಲು ಅದೇ ರೈಲಿನಲ್ಲಿ. ಹೊಸೂರು, ತಾಳವಾಡಿಯ ಕನ್ನಡಿಗರಿಗೆ ಮದರಾಸು ಇಂದಿಗೂ ರಾಜಧಾನಿ. ಆದೋನಿ, ರಾಯದುರ್ಗ, ಮಡಕಶಿರದವರಿಗೂ 1953ರ ತನಕ ಅದೇ ರಾಜಧಾನಿ. ಹೀಗೆ ಗಡಿಯಾಚೆ ಉಳಿದ ನಮ್ಮಲ್ಲಿ ಅರ್ಧಕ್ಕರ್ಧ ಜನರ ಹಳೆಯ ನೆನಪುಗಳೆಲ್ಲ ಒಂದೇ ಬೀದಿಯಲ್ಲಿ ಸಂಧಿಸುತ್ತವೆ. ಅದು ಮೌಂಟ್ ರೋಡು. ಸರಕಾರಿ ದಾಖಲೆಯಲ್ಲಿ ಈಗ ಅಣ್ಣಾ ಸಾಲೈ. ಜನರ ಬಾಯಲ್ಲಿ ಎರಡು ಹೆಸರೂ ಉಳಿದಿವೆ.

ಸಮುದ್ರದಂಡೆಯ ಸಂತ ಜಾರ್ಜ್ ಕೋಟೆಯ ಕಡೆಯಿಂದ ನೈಋತ್ಯಕ್ಕೆ ಸಾಗಿ ಸಂತ ತೋಮಸನ ಬೆಟ್ಟದತ್ತ ಹೋಗುವ ದಾರಿಯಾದ್ದರಿಂದ ಅದಕ್ಕೆ ಆ ಹೆಸರು. ಬೆಟ್ಟದ ಕೆಳಗೆ ಕಂಪನಿಯ ದಂಡು ಬೀಡುಬಿಟ್ಟಿರುತ್ತಿತ್ತು. ನಡುವೆ ಅಡಯಾರು ಹೊಳೆ. 1726ರಲ್ಲಿ ಕೋಜಾ ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯದ ವ್ಯಾಪಾರಿ ತನ್ನ ಸ್ವಂತ ಹಣದಿಂದ ಅಲ್ಲಿ ಸೇತುವೆ ಕಟ್ಟಿಸಿದ. ಬೆಟ್ಟಕ್ಕೆ ಹೋಗುವ ಭಕ್ತರಿಗೆ ಅನುಕೂಲವಾಗಲೆಂಬುದು ಅವನ ಉದ್ದೇಶ. ಸೇತುವೆಯಾದ ಮೇಲೆ ಭಕ್ತರ ಹಿಂದೆಯೇ ಸೈನಿಕರು ಬಂದರು, ಅವರ ಹಿಂದೆ ವರ್ತಕರು. ದಾರಿಯ ಎರಡೂ ಬದಿಯ ಬಯಲಿನಲ್ಲಿ ಕಂಪನಿಯ ದೊಡ್ಡ ಅಧಿಕಾರಿಗಳು ತೋಟದ ಮನೆಗಳನ್ನು ಕಟ್ಟಿಕೊಂಡರು. ಆ ಮನೆಗಳಿಗೆ ಸಾಮಾನು ಒದಗಿಸಲು ಅಂಗಡಿಗಳು ಬಂದವು: ಸಾರೋಟು ಕಟ್ಟುವವರು, ಔಷಧ ಮಾರುವವರು, ಗಡಿಯಾರ ರಿಪೇರಿ ಮಾಡುವವರು, ಪುಸ್ತಕ ತರಿಸಿಕೊಡುವವರು. 1840ರಲ್ಲಿ ಆರಂಭವಾಗಿ ಸಾರೋಟುಗಳಿಗೆ ಹೆಸರಾದ ಸಿಂಪ್ಸನ್ ಕಂಪನಿಯೇ 1903ರಲ್ಲಿ ಉಗಿಯಿಂದ ಓಡುವ ಮೋಟಾರನ್ನು ಕಟ್ಟಿತು. ಕುದುರೆ ಹೋಗಿ ಮೋಟಾರು ಬಂದಾಗ ಮುಚ್ಚಿಹೋಗದೆ ಕಸುಬನ್ನೇ ಬದಲಿಸಿಕೊಂಡ ಆ ಅಂಗಡಿಯ ಮಾತನ್ನು ಮುಂದೆ ನೆನಪಿಟ್ಟುಕೊಳ್ಳಬೇಕು.

ಬೀದಿಯ ಕೋಟೆಯ ಕೊನೆಯಲ್ಲಿ ಕುದುರೆಯ ಮೇಲೆ ಕುಳಿತ ಸರ್ ಥಾಮಸ್ ಮನ್ರೋನ ಕಂಚಿನ ವಿಗ್ರಹವಿದೆ. ಫ್ರಾನ್ಸಿಸ್ ಚಾಂಟ್ರಿ ಎಂಬ ಶಿಲ್ಪಿ ಮಾಡಿದ್ದು, 1839ರಲ್ಲಿ ಸ್ಥಾಪಿತವಾಯಿತು. ಕುದುರೆಗೆ ಜೀನು ಇಲ್ಲ, ಸವಾರನ ಕಾಲಿಗೆ ರಿಕಾಪು ಇಲ್ಲವೆಂಬುದು ಮದರಾಸಿನ ಮಕ್ಕಳೆಲ್ಲ ಹೇಳುವ ಸೋಜಿಗ. ನಮ್ಮ ಮಕ್ಕಳಿಗೆ ಹೇಳಬೇಕಾದ ಸೋಜಿಗ ಬೇರೆ. ಕುಂಬಳೆ, ಕಾಸರಗೋಡು, ಬೇಕಲಗಳನ್ನೊಳಗೊಂಡ ಕೆನರಾ ಸೀಮೆಗೆ ಕಂಪನಿಯ ಮೊದಲ ಕಲೆಕ್ಟರನಾಗಿ 1799ರಲ್ಲಿ ಬಂದವನು ಈ ಮನ್ರೋನೇ. ಇಲ್ಲಿಯ ಕೆಲಸ ಅವನಿಗೆ ಹಿಡಿಸದೆ, ತಾನೇ ವರ್ಗ ಕೇಳಿಕೊಂಡು 1800ರಲ್ಲಿ ಬಳ್ಳಾರಿ, ಆದೋನಿ ಕಡೆಯ ದತ್ತ ಮಂಡಲಕ್ಕೆ ಹೋದ. ಅಲ್ಲಿಯವರು ಮಂತ್ರಾಲಯದ ರಾಯರ ಬೃಂದಾವನದೊಂದಿಗೆ ಅವನ ಹೆಸರನ್ನು ಸೇರಿಸಿ ಇಂದಿಗೂ ಕಥೆ ಹೇಳುತ್ತಾರೆ. ಕೊನೆಗೆ ಮದರಾಸಿನ ಗವರ್ನರನಾಗಿ, 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡ. ಕಾಸರಗೋಡಿನ ಮಗುವೂ ಆದೋನಿಯ ಮಗುವೂ ಒಟ್ಟಿಗೆ ನಿಂತು ನೋಡಬಹುದಾದ ವಿಗ್ರಹವದು.

ಅಲ್ಲಿಂದ ತುಸು ಮುಂದೆ, ಸರಕಾರಿ ಎಸ್ಟೇಟಿನ ಒಳಗೆ, ಎತ್ತರದ ಮೆಟ್ಟಿಲುಗಳ ಮೇಲೆ ಕಂಬಸಾಲಿನ ಬಿಳಿಯ ಕಟ್ಟಡವೊಂದಿದೆ. ಈಗ ಅದಕ್ಕೆ ರಾಜಾಜಿ ಹಾಲ್ ಎಂದು ಹೆಸರು. 1802ರಲ್ಲಿ ಔತಣಶಾಲೆಯಾಗಿ ಕಟ್ಟಿದ್ದು. ಪ್ಲಾಸಿ ಮತ್ತು ಶ್ರೀರಂಗಪಟ್ಟಣದ ಗೆಲುವುಗಳ ನೆನಪಿಗೆಂದು. ಟಿಪ್ಪುವಿನ ಸೋಲನ್ನು ಕೊಂಡಾಡಿ ಕುಣಿದು ಉಂಡ ಆ ಚಾವಡಿಯಲ್ಲಿ ಸ್ವಾತಂತ್ರ್ಯಾನಂತರ ತಮಿಳುನಾಡಿನ ಜನ ತಮ್ಮ ನಾಯಕರ ಅಂತಿಮ ದರ್ಶನ ಪಡೆದರು: 1969ರಲ್ಲಿ ಅಣ್ಣಾದುರೈ, 1975ರಲ್ಲಿ ಕಾಮರಾಜ್, 1987ರಲ್ಲಿ ಎಂ.ಜಿ.ಆರ್., 2016ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ, 2018ರಲ್ಲಿ ಕರುಣಾನಿಧಿ. ಕಟ್ಟಡ ಒಂದೇ. ಅದರೊಳಗೆ ಸೇರುವ ಜನ ಬದಲಾದಂತೆ ಅದರ ಅರ್ಥವೂ ಬದಲಾಯಿತು.

ಇಷ್ಟೆಲ್ಲ ಇತಿಹಾಸ ನಾನು ಆಮೇಲೆ ಓದಿ ತಿಳಿದದ್ದು. ನನ್ನ ಪಾಲಿಗೆ ಮೌಂಟ್ ರೋಡು ಎಂಬ ಹೆಸರು ಮೊದಲು ಬಂದದ್ದು ಮನಿಯಾರ್ಡರು ಫಾರಮಿನ ಮೇಲೆ. ನನ್ನ ಸೋದರಮಾವ 1949ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಆ ಬೀದಿಗೆ ತಾಗಿದ ಓಣಿಯೊಂದರ ಉಡುಪಿ ಹೋಟೆಲಿಗೆ ಮಾಣಿಯಾಗಿ ಸೇರಿದವರು. ಮೊದಲು ಎಲೆ ತೆಗೆಯುವ ಕೆಲಸ, ಅನಂತರ ಕಾಫಿಗೆ ಹಾಲು ಕಾಯಿಸುವುದು, ಬಡಿಸುವುದು, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ. ಕರಾವಳಿಯ ಸಾವಿರಾರು ಮನೆಗಳ ಕಥೆ ಇದೇ. ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಹುಡುಗನಾಗಿ ಆರಂಭಿಸಿ, ಇದೇ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಎಂಬ ದೊಡ್ಡ ಹೆಸರನ್ನು ಕಟ್ಟಿದರು. ಮಾವ ಅಷ್ಟೆತ್ತರಕ್ಕೆ ಏರಲಿಲ್ಲ. ಆದರೆ ತಿಂಗಳು ತಪ್ಪದೆ ಅಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ, ಹದಿನೈದು ರೂಪಾಯಿ ಕಳುಹಿಸುತ್ತಿದ್ದರು. ಫಾರಮಿನ ಕೆಳತುದಿಯಲ್ಲಿ ಸಂದೇಶಕ್ಕೆ ಬಿಟ್ಟ ಬೆರಳಗಲದ ಜಾಗದಲ್ಲಿ ಪ್ರತಿ ಸಲವೂ ಕನ್ನಡದಲ್ಲಿ ಒಂದೇ ವಾಕ್ಯವಿರುತ್ತಿತ್ತು: ‘ಹುಡುಗನನ್ನು ಶಾಲೆ ಬಿಡಿಸಬೇಡ.’ ಆ ಹಣದಿಂದಲೇ ನಾನು ಊರಿನ ಕನ್ನಡ ಶಾಲೆಯಲ್ಲಿ ಓದಿದೆ; ಮುಂದೆ ಕನ್ನಡ ಮಾಧ್ಯಮದ ಅಧ್ಯಾಪಕನಾಗಿ ಮೂರು ದಶಕ ದುಡಿದೆ. ಇಡ್ಲಿ ಸಾಂಬಾರು ಮಾರಿ ಕನ್ನಡ ಶಾಲೆಗೆ ಹುಡುಗನನ್ನು ಕಳುಹಿಸಿದ ಬೀದಿಯ ಮೇಲೆ ನನಗೆ ಋಣವಿದೆ.

1971ರ ಬೇಸಗೆ ರಜೆಯಲ್ಲಿ ಮಾವ ನನ್ನನ್ನು ಕರೆಸಿಕೊಂಡರು. ವಾರದಲ್ಲಿ ಅವರಿಗೆ ಸಿಗುತ್ತಿದ್ದ ಬಿಡುವು ಅರ್ಧ ದಿನ. ಆ ಅರ್ಧ ದಿನ ಪೂರ್ತಿ ನಡೆದೆವು. ಟ್ರಾಮ್ ಓಡುತ್ತಿದ್ದ ಜಾಗವನ್ನು ತೋರಿಸಿದರು. 1953ರಲ್ಲಿ ಅದು ನಿಂತಿತ್ತು. ಎಲ್.ಐ.ಸಿ. ಕಟ್ಟಡದೆದುರು ನಿಲ್ಲಿಸಿ ಮಹಡಿಗಳನ್ನು ಎಣಿಸೆಂದರು. ಹದಿನಾಲ್ಕು ಮಹಡಿ, 177 ಅಡಿ ಎತ್ತರ. 1959ರಲ್ಲಿ ಅದು ಪೂರ್ಣಗೊಂಡಾಗ ದೇಶದಲ್ಲೇ ಅಷ್ಟೆತ್ತರದ ಕಟ್ಟಡ ಇನ್ನೊಂದಿರಲಿಲ್ಲ. ಹಳ್ಳಿಯ ನಾಯಕ ಪಟ್ಟಣಕ್ಕೆ ಬಂದಿಳಿದನೆಂದು ತೋರಿಸಲು ಸಿನಿಮಾದವರು ಸೆಂಟ್ರಲ್ ಸ್ಟೇಷನ್ನನ್ನೂ ಈ ಕಟ್ಟಡವನ್ನೂ ತೋರಿಸಿದರೆ ಸಾಕಾಗುತ್ತಿತ್ತು. ಸಿನಿಮಾ ಆ ಬೀದಿಯ ಉಸಿರಾಗಿತ್ತು. ಕೈಯಿಂದ ಬರೆದ ಆಳೆತ್ತರದ, ಅಲ್ಲ, ಮನೆಯೆತ್ತರದ ಮುಖಗಳು ಕಂಬಗಳ ಮೇಲೆ ನಿಂತು ಕೆಳಗೆ ನೋಡುತ್ತಿದ್ದವು. ಶಾಂತಿ, ದೇವಿ, ಸಫೈರ್ ಎಂದು ಮಾವ ಚಿತ್ರಮಂದಿರಗಳ ಹೆಸರನ್ನು ದೇವಸ್ಥಾನಗಳ ಹೆಸರಿನಂತೆ ಒಪ್ಪಿಸಿದರು. ಸಫೈರಿನ ಆವರಣದಲ್ಲೇ ಬ್ಲೂ ಡೈಮಂಡ್ ಎಂಬ ಇನ್ನೊಂದು ಮಂದಿರ. ಅಲ್ಲಿ ದಿನವಿಡೀ ಪ್ರದರ್ಶನ, ಟಿಕೇಟು ಕೊಂಡವನು ಯಾವಾಗ ಬೇಕಾದರೂ ಒಳಹೋಗಬಹುದು. ಬಿಸಿಲಿನ ತಾಪ ತಾಳದೆ ಕೇವಲ ತಂಪಿಗೆಂದು ಒಳಹೋಗಿ ನಿದ್ರಿಸುವವರಿದ್ದಾರೆಂದು ಮಾವ ನಕ್ಕರು. ತಾವೂ ಅವರಲ್ಲೊಬ್ಬರೆಂದು ಹೇಳಲಿಲ್ಲ.

ಪಿ. ಆರ್ ಅಂಡ್ ಸನ್ಸ್ ಎಂಬ ಗಡಿಯಾರದಂಗಡಿಯ ಗೋಪುರದ ಕೆಳಗೆ ನಿಂತು ಅವರು ತಮ್ಮ ಕೈಗಡಿಯಾರವನ್ನು ಸರಿಪಡಿಸಿಕೊಂಡರು. ಆ ಕಟ್ಟಡ 1879ರದ್ದು. ಒಂದು ಕಾಲದಲ್ಲಿ ಅದರ ಗಡಿಯಾರಕ್ಕೆ ಮದರಾಸಿನ ಖಗೋಳ ವೀಕ್ಷಣಾಲಯದಿಂದಲೇ ಸಮಯದ ಸಂಕೇತ ಬರುತ್ತಿತ್ತಂತೆ. ಬಳಿಕ ಹಿಗ್ಗಿನ್‌ಬಾಥಮ್ಸ್ ಪುಸ್ತಕದಂಗಡಿ. 1844ರಲ್ಲಿ ಆರಂಭವಾದ ವ್ಯಾಪಾರ. ಈಗಿರುವ ಎತ್ತರದ ಛಾವಣಿಯ ಬಿಳಿಯ ಕಟ್ಟಡ 1904ರದ್ದು. ಒಳಗೆ ಹೋಗಲು ನಾನು ಹಿಂಜರಿದೆ. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ‘ಬಾ ಅಳಿಯಾ, ಪುಸ್ತಕದಂಗಡಿಯ ಬಾಗಿಲು ನೋಡುವವರಿಗೂ ತೆರೆದಿರುತ್ತದೆ’ ಎಂದು ಕೈಹಿಡಿದು ಕರೆದೊಯ್ದು ಒಂದು ಅಟ್ಲಾಸು ಕೊಡಿಸಿದರು. ಅವರ ಎಷ್ಟು ದಿನದ ಸಂಬಳವೋ ತಿಳಿಯದು. ನಿವೃತ್ತನಾಗುವವರೆಗೂ ಆ ಅಟ್ಲಾಸು ನನ್ನ ತರಗತಿಯ ಮೇಜಿನ ಮೇಲಿತ್ತು.

ಆ ದಿನ ನಾವು ಕೊನೆಗೆ ಹೋದದ್ದು ಅಂಚೆ ಕಚೇರಿಗೆ. ಮಾವ ಪ್ರತಿ ತಿಂಗಳೂ ಹಣ ಕಳುಹಿಸುತ್ತಿದ್ದ ಸ್ಥಳವನ್ನು ನೋಡಬೇಕೆಂದು ನಾನೇ ಕೇಳಿದ್ದೆ. ಅದರ ಆವರಣದಲ್ಲಿ ಚಿಕ್ಕದಾದ, ಮುಂಭಾಗದಲ್ಲಿ ಅಲಂಕಾರವಿರುವ ಹಳೆಯ ಕಟ್ಟಡವೊಂದಿದೆ. ಅದು 1913ರಲ್ಲಿ ವಾರ್ವಿಕ್ ಮೇಜರ್ ಎಂಬಾತ ಕಟ್ಟಿಸಿದ ಎಲೆಕ್ಟ್ರಿಕ್ ಥಿಯೇಟರ್. ಸಿನಿಮಾ ತೋರಿಸಲಿಕ್ಕೆಂದೇ ಮದರಾಸಿನಲ್ಲಿ ಎದ್ದ ಮೊದಲ ಸ್ಥಿರ ಮಂದಿರ. ಮರುವರ್ಷವೇ ರಘುಪತಿ ವೆಂಕಯ್ಯನವರು ಸಮೀಪದಲ್ಲಿ ಗೇಯ್ಟಿ ಎಂಬ ಮಂದಿರವನ್ನು ತೆರೆದರು. ಭಾರತೀಯನೊಬ್ಬ ದಕ್ಷಿಣದಲ್ಲಿ ಕಟ್ಟಿಸಿದ ಮೊದಲ ಚಿತ್ರಮಂದಿರವೆಂದು ಅದಕ್ಕೆ ಖ್ಯಾತಿ. ಎಲೆಕ್ಟ್ರಿಕ್ ಥಿಯೇಟರ್ ಎರಡೇ ವರ್ಷದಲ್ಲಿ ವ್ಯಾಪಾರ ಕಳೆದುಕೊಂಡಿತು. 1915ರಲ್ಲಿ ಅಂಚೆ ಇಲಾಖೆ ಅದನ್ನು ಕೊಂಡಿತು. ಈಗ ಅಲ್ಲಿ ಅಂಚೆಚೀಟಿ ಸಂಗ್ರಾಹಕರ ಕೇಂದ್ರವಿದೆ. ಗೆದ್ದ ಗೇಯ್ಟಿ ನೆಲಸಮವಾಯಿತು; ಎರಡೇ ವರ್ಷದಲ್ಲಿ ಸೋತ ಎಲೆಕ್ಟ್ರಿಕ್ ಥಿಯೇಟರ್ ನೂರು ವರ್ಷ ದಾಟಿತು. ಸಿನಿಮಾ ಹೋದರೂ ಅದಕ್ಕೆ ಬೇರೊಂದು ಕೆಲಸ ಸಿಕ್ಕಿತು ಎಂಬುದೊಂದೇ ಕಾರಣ.

ಮುಂದಿನ ಮೂವತ್ತು ವರ್ಷಗಳಲ್ಲಿ ಆ ಬೀದಿ ಸವೆಯುತ್ತ ಹೋದುದನ್ನು ಮಾವನ ಪತ್ರಗಳಲ್ಲಿಯೂ ಆಗೊಮ್ಮೆ ಈಗೊಮ್ಮೆ ಹೋದಾಗ ಕಣ್ಣಾರೆಯೂ ಕಂಡೆ. 1973ರಲ್ಲಿ ಜೆಮಿನಿ ವೃತ್ತದಲ್ಲಿ ಊರಿನ ಮೊದಲ ಮೇಲ್ಸೇತುವೆ ಬಂತು. ಎಸ್.ಎಸ್. ವಾಸನ್ ಅವರ ಜೆಮಿನಿ ಸ್ಟುಡಿಯೋ ಮುಚ್ಚಿತು. ಹೆಸರು ಮಾತ್ರ ಸೇತುವೆಗೆ ಅಂಟಿಕೊಂಡು ಉಳಿಯಿತು. 1975ರಲ್ಲಿ ಎಲ್.ಐ.ಸಿ. ಕಟ್ಟಡಕ್ಕೆ ಬೆಂಕಿ ಬಿತ್ತು. ದುರಸ್ತಿಯಾಗಿ ಮತ್ತೆ ಎದ್ದು ನಿಂತಿತು. 1980ರ ದಶಕದ ಆರಂಭದಲ್ಲಿ ಸ್ಪೆನ್ಸರ್ ಕಂಪನಿಯ ಕೆಂಪು ಕಟ್ಟಡಕ್ಕೆ ಬೆಂಕಿ ಬಿತ್ತು; 1895ರ ಆ ಭವ್ಯ ಮಳಿಗೆ ಮತ್ತೆ ಏಳಲಿಲ್ಲ. ಆ ಜಾಗದಲ್ಲಿ 1990ರ ದಶಕದಲ್ಲಿ ಸ್ಪೆನ್ಸರ್ ಪ್ಲಾಜಾ ಎಂಬ ದೊಡ್ಡ ಮಾಲ್ ಬಂತು. ಆಗ ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಅದರ ವೈಭವವೂ ಇಪ್ಪತ್ತು ವರ್ಷಕ್ಕೆ ಮುಗಿಯಿತು. ಊರಿನ ಬೇರೆ ಕಡೆ ಇನ್ನೂ ದೊಡ್ಡ, ಇನ್ನೂ ತಂಪಾದ ಮಾಲ್‌ಗಳು ಬಂದಾಗ ಗಿರಾಕಿಗಳು ಅತ್ತ ಹೋದರು. ಹಳೆಯದನ್ನು ಕಳೆದುಕೊಂಡು ಹೊಸದನ್ನು ತಂದರೆ ಸಾಲದು, ಹೊಸದಕ್ಕೂ ಬೇಗನೆ ಮುಪ್ಪು ಬರುತ್ತದೆ ಎಂಬುದನ್ನು ಆ ಒಂದೇ ನಿವೇಶನ ಎರಡು ಸಲ ಕಲಿಸಿತು.

ಬೆಂಕಿ ಕಣ್ಣಿಗೆ ಕಾಣುವ ನಾಶ. ಬೀದಿಯನ್ನು ನಿಜವಾಗಿ ಬಡವಾಗಿಸಿದ ಸಂಗತಿಗಳು ಸದ್ದಿಲ್ಲದೆ ನಡೆದವು. ವಾಹನಗಳು ಹೆಚ್ಚಿದಂತೆ ರಸ್ತೆ ಅಗಲವಾಯಿತು, ಕಾಲುದಾರಿ ಕಿರಿದಾಯಿತು. ಅಂಗಡಿಯಿಂದ ಎದುರಿನ ಅಂಗಡಿಗೆ ದಾಟಬೇಕಾದವನು ಸುರಂಗದ ಮೆಟ್ಟಿಲಿಳಿದು ಹತ್ತಬೇಕಾಯಿತು. ನಡೆದು ನೋಡುತ್ತ ಕೊಳ್ಳುವ ಗಿರಾಕಿ ಹೀಗೆ ಕಡಿಮೆಯಾದ. ಸೀರೆ, ಬಂಗಾರಕ್ಕೆ ಜನ ತ್ಯಾಗರಾಯ ನಗರಕ್ಕೆ ಹೋದರು. ಟಿ.ವಿ.ಯೂ ವಿಡಿಯೋವೂ ಮನೆಗೆ ಬಂದವು. ಸಾವಿರ ಕುರ್ಚಿಗಳ ಚಿತ್ರಮಂದಿರ ನಡೆಸುವುದಕ್ಕಿಂತ ಅದರ ನೆಲ ಮಾರುವುದೇ ಲಾಭವಾಯಿತು. 1990ರ ದಶಕದಲ್ಲಿ ಸಫೈರ್ ಹೋಯಿತು. ಅದರ ಜಾಗ ದಶಕಗಳ ಕಾಲ ಖಾಲಿ ನಿವೇಶನವಾಗಿ ಬಿದ್ದಿತ್ತು. 2016ರಲ್ಲಿ ಶಾಂತಿ ಮುಚ್ಚಿತು. 1970ರಲ್ಲಿ ತೆರೆದ ದೇವಿ ಮಾತ್ರ ಉಳಿದು ನಡೆಯುತ್ತಿದೆ. ಮಾವ ಕೆಲಸ ಮಾಡುತ್ತಿದ್ದ ಹೋಟೆಲೂ ಇದೇ ಕಾಲದಲ್ಲಿ ಮುಚ್ಚಿತು. ಸಂಜೆ ಆಫೀಸುಗಳು ಬಿಟ್ಟ ಮೇಲೆ ಬರುವವರೇ ಇಲ್ಲದಿದ್ದರೆ ಮೂವತ್ತು ಸೇರು ಅಕ್ಕಿಯ ಹಿಟ್ಟನ್ನು ಯಾರಿಗೆ ರುಬ್ಬುವುದು ಎಂದು ಮಾವ ಬರೆದಿದ್ದರು. ಅವರು ಊರಿಗೆ ಮರಳಿ, ಜಗಲಿಯಲ್ಲಿ ಕುಳಿತು ಕನ್ನಡ ಪತ್ರಿಕೆ ಓದುತ್ತ ಕೊನೆಯ ದಿನಗಳನ್ನು ಕಳೆದರು.

ಹಾಳಾಗುವುದಕ್ಕೆ ಇನ್ನೊಂದು ದಾರಿಯಿದೆಯೆಂದು ನನಗೆ ಗೊತ್ತಾದದ್ದು ಭಾರತ್ ಇನ್ಶೂರೆನ್ಸ್ ಕಟ್ಟಡವನ್ನು ನೋಡಿದಾಗ. 1897ರಲ್ಲಿ ಡಬ್ಲ್ಯು.ಇ. ಸ್ಮಿತ್ ಎಂಬ ಔಷಧ ವ್ಯಾಪಾರಿ ಕಟ್ಟಿಸಿದ ಕೆಂಪು ಬಣ್ಣದ, ಗುಮ್ಮಟ ಮತ್ತು ಕಮಾನುಗಳ ಮನೆ ಅದು. ಒಂದು ಕಾಲಕ್ಕೆ ಒಳಗೆ ಔಷಧದಂಗಡಿಯಿತ್ತು, ಕಚೇರಿಗಳಿದ್ದವು. 2006ರಲ್ಲಿ ಅದನ್ನು ಕೆಡವಲಾರಂಭಿಸಿದಾಗ ಪರಂಪರೆಯ ಬಗ್ಗೆ ಕಾಳಜಿಯುಳ್ಳವರು ಹೈಕೋರ್ಟಿಗೆ ಹೋದರು. ಕೆಡಹುವಿಕೆ ನಿಂತಿತು, 2010ರಲ್ಲಿ ಕಟ್ಟಡವನ್ನು ಕಾಪಾಡಬೇಕೆಂಬ ತೀರ್ಪೂ ಬಂತು. ಅವರ ಹೋರಾಟ ದೊಡ್ಡದು, ತೀರ್ಪು ಅದಕ್ಕಿಂತ ದೊಡ್ಡದು. ಆದರೆ ಆ ಬಳಿಕವೂ ವರ್ಷಾನುವರ್ಷ ಅದು ಬಾಗಿಲು ಮುಚ್ಚಿಕೊಂಡು, ಗೋಡೆಯಲ್ಲಿ ಅಶ್ವತ್ಥದ ಸಸಿ ಬೆಳೆಸಿಕೊಂಡು ನಿಂತಿತ್ತು. ಕೆಡಹುವಂತಿಲ್ಲವೆಂದು ಕೋರ್ಟು ಹೇಳಬಹುದು. ಒಳಗೆ ಬಂದು ಕುಳಿತುಕೊಳ್ಳಿರೆಂದು ಜನರಿಗೆ ಹೇಳಲು ಕೋರ್ಟಿಗೆ ಆಗುವುದಿಲ್ಲ.

ಇದಕ್ಕೆ ಜೋಡಿಯಾಗಿ ಗಡಿಯಾರದಂಗಡಿಯ ಕಥೆಯನ್ನು ಹೇಳಬೇಕು. ಮೆಟ್ರೋ ರೈಲಿನ ಕಾಮಗಾರಿಗಾಗಿ 2011ರಲ್ಲಿ ಆ ಕಟ್ಟಡದ ಒಂದು ಪಾಲನ್ನು ಕೆಡವಿದರು. ಅದೂ ಕೋರ್ಟಿನ ಮೆಟ್ಟಿಲೇರಿತು. ಉಳಿದ ಭಾಗ ಉಳಿಯಿತು; ಗೋಪುರ ನಿಂತಿದೆ, ಕೆಳಗೆ ವ್ಯಾಪಾರವೂ ನಡೆದಿದೆ. ಎರಡೂ ಕಟ್ಟಡಗಳಿಗೆ ಕಾನೂನಿನ ನೆರವು ಬೇಕಾಯಿತು. ಒಂದರಲ್ಲಿ ಅಂಗಡಿಯಿತ್ತು, ಇನ್ನೊಂದರಲ್ಲಿ ಯಾರೂ ಇರಲಿಲ್ಲ.

ಮೆಟ್ರೋ ಆ ಬೀದಿಗೆ ಹೊಸ ಜೀವ ಕೊಡುವುದಕ್ಕೆ ಮೊದಲು ಅದರ ಜೀವ ಹಿಂಡಿತು. ಹಲವು ವರ್ಷ ತಗಡಿನ ತಡೆಗೋಡೆ, ಧೂಳು, ಒಮ್ಮುಖ ಸಂಚಾರ. 2017ರ ಏಪ್ರಿಲ್ 9ರಂದು ಚರ್ಚ್ ಪಾರ್ಕ್ ಬಳಿ, ಕೆಳಗೆ ಸುರಂಗ ಕೊರೆಯುತ್ತಿದ್ದ ಜಾಗದಲ್ಲಿ ರಸ್ತೆ ಕುಸಿದು ಒಂದು ಬಸ್ಸೂ ಒಂದು ಕಾರೂ ಗುಂಡಿಗಿಳಿದವು. ದೇವರ ದಯೆ, ಜೀವಹಾನಿಯಾಗಲಿಲ್ಲ. ಕೊನೆಗೆ 2019ರ ಫೆಬ್ರವರಿ 10ರಂದು ಸರಕಾರಿ ಎಸ್ಟೇಟ್, ಎಲ್.ಐ.ಸಿ., ತೌಸಂಡ್ ಲೈಟ್ಸ್ ನಿಲ್ದಾಣಗಳು ತೆರೆದವು. ಈಗ ತೇನಾಂಪೇಟೆಯಿಂದ ಸೈದಾಪೇಟೆಯ ತನಕ ಹೊಸದೊಂದು ಮೇಲ್ಸೇತುವೆಯ ಕಾಮಗಾರಿ ಎದ್ದಿದೆ. ಬೀದಿ ಎಂದಿಗೂ ‘ಮುಗಿಯಿತು’ ಎನ್ನುವಂತಿಲ್ಲ.

ಮೆಟ್ರೋ ಬಂದ ಬಳಿಕ ಮಗಳೊಂದಿಗೆ ಹೋಗಿದ್ದೆ. ಸಂಬಂಧಿಕರೊಬ್ಬರ ಚಿಕಿತ್ಸೆಗಾಗಿ ಓಮಂದೂರಾರ್ ಎಸ್ಟೇಟಿನ ಸರಕಾರಿ ಆಸ್ಪತ್ರೆಗೆ ಹೋಗಬೇಕಿತ್ತು. ಆ ಕಟ್ಟಡವೂ ಒಂದು ವಿಚಿತ್ರ. ವಿಧಾನಸಭೆ ಮತ್ತು ಸಚಿವಾಲಯಕ್ಕೆಂದು ಕಟ್ಟಿ, 2010ರ ಮಾರ್ಚಿನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಉದ್ಘಾಟಿಸಿದ್ದು. ಮರುವರ್ಷ ಸರಕಾರ ಬದಲಾಯಿತು, ಸಭೆ ಕೋಟೆಗೆ ಮರಳಿತು. 2014ರಲ್ಲಿ ಅದು ಆಸ್ಪತ್ರೆಯಾಯಿತು. ರಾಜಕೀಯದ ಹಟದಿಂದ ಆದದ್ದೆಂದು ಟೀಕಿಸಿದವರು ಬಹಳ. ಚೀಟಿ ಹಿಡಿದು ಸರತಿಯಲ್ಲಿ ಕುಳಿತ ನೂರಾರು ಬಡವರನ್ನು ನೋಡಿದಾಗ ನನಗೆ ಆ ಟೀಕೆ ನೆನಪಾಗಲಿಲ್ಲ. ಅಲ್ಲಿ ಕುಳಿತಿದ್ದವರಲ್ಲಿ ಇಬ್ಬರು ಕನ್ನಡ ಮಾತನಾಡುತ್ತಿದ್ದರು. ವಿಚಾರಿಸಿದರೆ ತಾಳವಾಡಿಯ ಕಡೆಯವರು.

ಸಂಜೆ ಜೆಮಿನಿಯ ಬಳಿಯ ಸೆಮ್ಮೊಳಿ ಉದ್ಯಾನಕ್ಕೆ ಹೋದೆವು. ಅಲ್ಲಿಯೇ 1962ರಿಂದ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಇತ್ತು. ಕಾರಿನಲ್ಲಿ ಕುಳಿತವರಿಗೆ ಕಿಟಕಿಗೇ ತಟ್ಟೆ ತಂದುಕೊಡುತ್ತಿದ್ದ ಹೋಟೆಲು. ಒಂದು ಕಾಫಿ ಕೊಂಡು ಇಡೀ ಮಧ್ಯಾಹ್ನ ಮರದ ಕೆಳಗೆ ಕುಳಿತವರನ್ನೂ ಏಳಿರೆನ್ನುತ್ತಿರಲಿಲ್ಲವೆಂದು ಮಾವ ಮೆಚ್ಚಿ ಹೇಳುತ್ತಿದ್ದರು. ನೆಲ ಸರಕಾರದ್ದು, 2008ರಲ್ಲಿ ಹೋಟೆಲು ಮುಚ್ಚಿತು, 2010ರಲ್ಲಿ ಉದ್ಯಾನ ತೆರೆಯಿತು. ‘ಸೆಮ್ಮೊಳಿ’ ಎಂದರೆ ಶಾಸ್ತ್ರೀಯ ಭಾಷೆ. ತಮಿಳಿನ ಗೌರವಕ್ಕೆ ಇಟ್ಟ ಹೆಸರು. ನಮ್ಮವರ ಹೋಟೆಲು ಹೋಯಿತೆಂದು ಮಗಳು ತುಸು ಬೇಸರಪಟ್ಟಳು. ಮರಗಳ ನೆರಳಿನಲ್ಲಿ ಅಜ್ಜಿಯರು ನಡೆದಾಡುತ್ತಿದ್ದರು, ಮಕ್ಕಳು ಆಡುತ್ತಿದ್ದರು. ತಮ್ಮ ಭಾಷೆಯ ಹೆಸರಿನಲ್ಲಿ ಅವರು ಕಲ್ಲಿನ ಸ್ತಂಭ ನಿಲ್ಲಿಸಿ ಸುಮ್ಮನಾಗದೆ, ಜನ ದಿನವೂ ಬಂದು ಕೂರುವ ಜಾಗವನ್ನು ಮಾಡಿದ್ದಾರಲ್ಲ ಎಂದು ನಾನೆಂದೆ.

ಈ ಬೀದಿಯ ಕಥೆಯನ್ನು ಕನ್ನಡ ಶಾಲೆಯ ಮನೆಗಳಿಗೆ ಹೇಳುವುದಕ್ಕೆ ಕಾರಣವಿದೆ. ನಮ್ಮ ಶಾಲೆಗಳೂ ಹಳೆಯ ಕಟ್ಟಡಗಳೇ. ಹೆಂಚಿನ ಮಾಡು, ಕೆಂಪುಕಲ್ಲಿನ ಗೋಡೆ, ಸ್ಥಾಪಕರ ಭಾವಚಿತ್ರ. ಅವುಗಳಿಗೆ ಕಾನೂನಿನ ಆಸರೆಯಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ, ರಾಜ್ಯಗಳನ್ನು ಭಾಷೆಯ ಮೇರೆಗೆ ವಿಂಗಡಿಸಿದ ವರ್ಷವೇ, ಅದು ಸೇರಿತು. ಆ ವಿಧಿಯ ಬಲದಿಂದ ಮನವಿ ಕೊಟ್ಟಿದ್ದೇವೆ, ಧರಣಿ ಕುಳಿತಿದ್ದೇವೆ, ಕನ್ನಡ ಬಲ್ಲ ಅಧ್ಯಾಪಕರನ್ನೇ ನೇಮಿಸಿರೆಂದು ಪಟ್ಟುಹಿಡಿದಿದ್ದೇವೆ. ಅದನ್ನು ಬಿಡಕೂಡದು. ಆ ಹೋರಾಟವಿಲ್ಲದಿದ್ದರೆ ನಮ್ಮ ಶಾಲೆಗಳಿಗೆ ಸಫೈರಿನ ಗತಿಯೇ ಆಗುತ್ತಿತ್ತು. ಆದರೆ ಹೋರಾಟ ಒಂದೇ ಉಳಿದು ತರಗತಿ ಖಾಲಿಯಾದರೆ ಭಾರತ್ ಇನ್ಶೂರೆನ್ಸ್ ಕಟ್ಟಡದ ಗತಿ: ಕೆಡಹುವಂತಿಲ್ಲ, ಒಳಗೆ ಯಾರೂ ಇಲ್ಲ.

ನಾನು ಕೊನೆಗೆ ಕೆಲಸ ಮಾಡಿದ ಶಾಲೆಯಲ್ಲಿ ಎರಡು ಕೊಠಡಿಗಳು ಖಾಲಿಯಾಗಿದ್ದವು. ಒಂದರಲ್ಲಿ ಮುರಿದ ಬೆಂಚು, ಇನ್ನೊಂದರಲ್ಲಿ ಶತಮಾನೋತ್ಸವಕ್ಕೆಂದು ತಂದ ಫಲಕ. ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಭಾಷಣಗಳಾದವು. ಕನ್ನಡದ ಕಂಪಿನ ಬಗ್ಗೆ ಮಾತಾಡಿದ ಹಲವರ ಮಕ್ಕಳು ಬೇರೆ ಮಾಧ್ಯಮದಲ್ಲಿದ್ದರು. ಅದನ್ನು ನಾನು ದೂರುವುದಿಲ್ಲ, ಪ್ರತಿ ಮನೆಗೂ ಅದರದೇ ಲೆಕ್ಕಾಚಾರವಿದೆ. ಒಬ್ಬ ತಾಯಿ ಎದ್ದುನಿಂತು ಕೇಳಿದ ಪ್ರಶ್ನೆ ಮಾತ್ರ ಇನ್ನೂ ಕಿವಿಯಲ್ಲಿದೆ: ‘ಮಾಸ್ಟ್ರೇ, ಶಾಲೆ ಬಿಟ್ಟ ಮೇಲೆ ನಾನು ಕೆಲಸದಿಂದ ಬರುವವರೆಗೆ ಮಗುವನ್ನು ಕೂರಿಸಲು ಇಲ್ಲಿ ಜಾಗ ಉಂಟಾ?’ ಭಾಷಣಕ್ಕಿಂತ ಆ ಪ್ರಶ್ನೆಯೇ ಕೆಲಸಕ್ಕೆ ಬಂತು. ಬೆಂಚುಗಳನ್ನು ಹೊರಗೆ ಹಾಕಿ ಒಂದು ಕೊಠಡಿಯಲ್ಲಿ ಸಂಜೆ ಐದೂವರೆಯ ತನಕ ಓದುವ ಮನೆ ಆರಂಭಿಸಿದೆವು. ಇನ್ನೊಂದರಲ್ಲಿ ಊರಿನ ಹೆಂಗಸರು ಹೊಲಿಗೆ ಕಲಿತರು. ಅವರ ಜೊತೆ ಪುಟ್ಟ ಮಕ್ಕಳೂ ಬಂದರು. ಬಂದ ಮಕ್ಕಳಲ್ಲಿ ಕೆಲವರು ಜೂನಿನಲ್ಲಿ ಒಂದನೇ ತರಗತಿಗೆ ಸೇರಿದರು. ಎಲೆಕ್ಟ್ರಿಕ್ ಥಿಯೇಟರಿನ ಕಥೆ ನನಗೆ ಅಂದು ನೆನಪಾಗದಿರಲಿಲ್ಲ.

ಮೌಂಟ್ ರೋಡಿನಲ್ಲಿ ಉಳಿದವೆಲ್ಲ ಚೆಂದದವು, ಅಳಿದವೆಲ್ಲ ಬೇಡವಾದವು ಎಂದೇನೂ ಇಲ್ಲ. ಉಳಿದವುಗಳಲ್ಲಿ ಹೆಚ್ಚಿನವು ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆದವು. ತೆರೆದ ಬಾಗಿಲಿಗೆ ಯಾರಾದರೂ ಬಂದರು. ಬರುವವರಿಗೆ ಬೇಕಾದುದು ಬದಲಾದಾಗ ಒಳಗಿನವರೂ ತುಸು ಬದಲಾದರು. ಸಾರೋಟಿನಂಗಡಿ ಮೋಟಾರು ಕಟ್ಟಿತು, ಸಿನಿಮಾ ಮಂದಿರ ಅಂಚೆಚೀಟಿ ಮಾರಿತು, ಶಾಸಕರಿಗೆಂದು ಕಟ್ಟಿದ ಕಟ್ಟಡದಲ್ಲಿ ರೋಗಿಗಳು ಗುಣಮುಖರಾದರು. ಪುಸ್ತಕದಂಗಡಿ ಮಾತ್ರ ಪುಸ್ತಕವನ್ನೇ ಮಾರುತ್ತ ಉಳಿದಿದೆ. ಎಲ್ಲವೂ ವೇಷ ಬದಲಿಸಲೇಬೇಕೆಂದಿಲ್ಲ. ಕೊಳ್ಳುವವರಿರುವವರೆಗೆ ಹಳೆಯ ಸರಕೂ ಹೊಸದೇ.

ಈ ರಜೆ ಕಳೆಯುವುದರೊಳಗೆ ನಿಮ್ಮಲ್ಲಿ ಕೆಲವರಾದರೂ ಪರೀಕ್ಷೆಗೋ ಆಸ್ಪತ್ರೆಗೋ ಚೆನ್ನೈಗೆ ಹೋಗುವವರಿದ್ದೀರಿ. ಮಂಗಳೂರು ಮೈಲು ಈಗಲೂ ಬೆಳಿಗ್ಗೆ ಸೆಂಟ್ರಲ್ಲಿಗೆ ತಲುಪಿಸುತ್ತದೆ. ಅಲ್ಲಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ, ಸರಕಾರಿ ಎಸ್ಟೇಟು. ಮೇಲೆ ಬಂದು ಮಕ್ಕಳಿಗೆ ನಮ್ಮ ಸೀಮೆಯ ಮೊದಲ ಕಲೆಕ್ಟರನನ್ನು ತೋರಿಸಿ. ಪುಸ್ತಕದಂಗಡಿಯ ಒಳಗೆ ಕರೆದೊಯ್ಯಿರಿ, ಕೊಳ್ಳದಿದ್ದರೂ ಅಡ್ಡಿಯಿಲ್ಲ. ಅಂಚೆ ಕಚೇರಿಯಲ್ಲಿ ಊರಿನ ವಿಳಾಸಕ್ಕೆ ಒಂದು ಕಾರ್ಡು ಬರೆಯಿಸಿ, ಕನ್ನಡದಲ್ಲಿ. ಊರಿಗೆ ಮರಳಿದ ಮೇಲೆ ನೆರೆಮನೆಯವರಿಗೆ ಒಂದು ಮಾತು ಹೇಳಿ: ಒಂದನೇ ತರಗತಿಯ ದಾಖಲಾತಿ ನಡೆಯುತ್ತಿದೆ.